ಬೆಣೆ ಇರುವ ಪಿಸ್ತೂಲು, ಬೆಣೆ ಇಲ್ಲದ್ದು

ಅಮೆರಿಕಕ್ಕೆ ಹೋಗಿ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ. "ನಯಾಗರಾ ನೋಡಿದ್ರೇನ್ರಿ?" ಇಲ್ಲ ಅಂದರೆ ಮುಖ ಸಣ್ಣ ಮಾಡುತ್ತಾರೆ. ನಾನು ಫೋನ್ ತೆಗೆದು ಒಂದು ಫೋಟೊ ತೋರಿಸುತ್ತೇನೆ. ಅದರಲ್ಲಿ ನನ್ನ ಮುಖವೂ ಇಲ್ಲ. ಎರಡು ಬೆರಳು, ಬೆರಳಲ್ಲಿ ಸಂದಿ ಅಳೆಯುವ ಫೀಲರ್ ಗೇಜ್, ಗೇಜಿನ ತೆಳು ಪಟ್ಟಿ ಒಂದು ಪಿಸ್ತೂಲಿನ ಸಂದಿಯೊಳಗೆ. ಮೂರು ತಿಂಗಳಲ್ಲಿ ನನಗೆ ಖುಷಿ ಕೊಟ್ಟ ಫೋಟೊ ಅದೇ.

ನನ್ನದು ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣ ಲೇತ್ ಅಂಗಡಿ. ದಾಲ್ ಮಿಲ್ಲಿನ ಶಾಫ್ಟ್, ಪುಲ್ಲಿ, ಬುಷ್ ಇವೇ ಕೆಲಸ. ತೊಗರಿ ಸೀಸನ್ನಿನಲ್ಲಿ ತಲೆ ಎತ್ತಲು ಆಗುವುದಿಲ್ಲ. ಹಾಗಾಗಿ ಮಳೆಗಾಲ ನೋಡಿ ಮಗಳ ಮನೆಗೆ ಹೋದೆವು. ಟೆಕ್ಸಾಸ್. ಬಿಸಿಲಿಗೆ ನಾನು ಹೆದರುವವನಲ್ಲ, ಕಲಬುರಗಿಯವನು. ಆದರೂ ಅಲ್ಲಿಯ ಆಗಸ್ಟ್ ನೋಡಿ ನಮ್ಮ ಏಪ್ರಿಲ್ ನೆನಪಾಯಿತು.

ಮಗಳು, ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾವಿಬ್ಬರೇ. ನಾಲ್ಕನೇ ದಿನಕ್ಕೆ ಕೈ ತುರಿಸಲು ಶುರುವಾಯಿತು. ಪಕ್ಕದ ಮನೆಯಲ್ಲಿ ಒಬ್ಬ ರಿಟೈರ್ಡ್ ಮಾಸ್ತರ್ರು ಇದ್ದರು. ಎಪ್ಪತ್ತು ದಾಟಿದವರು, ಒಂಟಿ. ಅವರ ಷೆಡ್ಡಿನಲ್ಲಿ ಒಂದು ಪುಟ್ಟ ಲೇತ್ ಇತ್ತು. ಬೇಲಿಯಾಚೆಯಿಂದ ಅದರ ಸದ್ದು ಕೇಳಿದರೆ ಸಾಕು, ಬೇರಿಂಗ್ ಹೋಗಿದೆ ಅಂತ ಗೊತ್ತಾಗುತ್ತಿತ್ತು. ನನ್ನ ಇಂಗ್ಲಿಷು ಐಟಿಐ ಇಂಗ್ಲಿಷು. "ಬೇರಿಂಗ್ ಗಾನ್" ಅಂದೆ. ಅವತ್ತಿನಿಂದ ದೋಸ್ತಿ.

ಬೇರಿಂಗ್ ಹಾಕಿಕೊಟ್ಟದ್ದಕ್ಕೆ ಮಾಸ್ತರ್ರು ಕಬ್ಬಿಣದ ಪೆಟ್ಟಿಗೆ ತೆಗೆದು ಎರಡು ರಿವಾಲ್ವರ್ ಮೇಜಿನ ಮೇಲೆ ಇಟ್ಟರು. ಒಂದು 1873ರ ಕೋಲ್ಟ್ ಕಂಪನಿ ಮಾದರಿ, ತೋಟಾ (ಮದ್ದು, ಗುಂಡು ಒಂದೇ ಕವಚದಲ್ಲಿರುವ ಕಾರ್ಟ್ರಿಜ್) ಹಾಕಿ ಹೊಡೆಯುವಂಥದ್ದು. ಕೌಬಾಯ್ ಅಂದರೆ ನಮ್ಮ ಕಣ್ಣಿಗೆ ಬರುವ ಪಿಸ್ತೂಲು ಅದೇ. ಇನ್ನೊಂದು 1860ರ ಕೋಲ್ಟ್ ಆರ್ಮಿ ಮಾದರಿ. ಅದು ಮೂಲದಲ್ಲಿ ಮದ್ದು ತುಂಬಿ, ಸೀಸದ ಗುಂಡು ಗಿಡಿದು, ಹಿಂದೆ ಕಿಡಿ ಹೊತ್ತಿಸುವ ತಾಮ್ರದ ಟೋಪಿ ಹಾಕಿ ಹೊಡೆಯುವಂಥದ್ದು. ನಮ್ಮ ಕಡೆ ಹಳಬರು ಟೋಪಿದಾರ್ ಬಂದೂಕು ಅನ್ನುತ್ತಿದ್ದರಲ್ಲ, ಅದೇ ಜಾತಿ. ಆದರೆ ಮಾಸ್ತರ್ರು ಅದಕ್ಕೆ ಅಂಗಡಿಯಿಂದ ಬೇರೆ ಸಿಲಿಂಡರ್, ಅಂದರೆ ಗುಂಡು ಕೂರುವ ತಿರುಗು ಉರುಳೆ, ತಂದು ಕೂಡಿಸಿದ್ದರು. ಈಗ ಅದಕ್ಕೂ ತೋಟಾ ಹಿಡಿಸುತ್ತದೆ. ಎರಡೂ ಹೊಸವೇ, ಇಟಲಿಯಲ್ಲಿ ಮಾಡಿದ ನಕಲು. ಅಲ್ಲಿ ಗಾರ್ಡೋನೆ ವಾಲ್ ತ್ರೋಂಪಿಯಾ ಅಂತ ಒಂದು ಕಣಿವೆ ಊರು, ನೂರಾರು ವರ್ಷಗಳಿಂದ ಬಂದೂಕಿನ ಕಸುಬೇ ಅದರ ಬದುಕು.

"ಯಾವುದು ಚಲೋ ಹೇಳು" ಅಂದರು.

ಹೊಡೆಯದೆ ಹೇಗೆ ಹೇಳುವುದು? ಅಳಿಯ ಇಂಟರ್‌ನೆಟ್ಟಿನಲ್ಲಿ ನೋಡಿ ತಲೆ ಕೆರೆದುಕೊಂಡ. "ಮಾಮಾ, ನೀವು ವಿಸಿಟರ್ ವೀಸಾದಾಗ ಬಂದೀರಿ. ಸುಮ್ನೆ ಪಿಸ್ತೂಲ್ ಮುಟ್ಟಂಗಿಲ್ಲ." ಅಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ನನ್ನಂಥವರು ಬಂದೂಕು ಹಿಡಿಯಬೇಕಾದರೆ ಅಲ್ಲಿನದೇ ಒಂದು ಬೇಟೆ ಲೈಸೆನ್ಸ್ ಇರಬೇಕು. ದುಡ್ಡು ಕಟ್ಟಿ ಅದನ್ನು ತೆಗೆಸಿದೆವು. ಒಂದು ಇರುವೆಯನ್ನೂ ಹೊಡೆಯದ ಲಿಂಗಾಯತ ಮುದುಕನ ಜೇಬಿನಲ್ಲಿ ಟೆಕ್ಸಾಸಿನ ಬೇಟೆ ಲೈಸೆನ್ಸ್! ಹೆಂಡತಿ ಎರಡು ದಿನ ನಕ್ಕಳು.

ಹೊಡೆಯುವ ಮೊದಲು ನನ್ನ ಕಣ್ಣು ಹೋದದ್ದು ಜೋಡಣೆಯ ಮೇಲೆ. 1873ರದ್ದು ಒಂದೇ ಗಟ್ಟಿ ಚೌಕಟ್ಟು. ಸಿಲಿಂಡರಿನ ಮೇಲೆಯೂ ಉಕ್ಕಿನ ಪಟ್ಟಿ ಹಾದುಹೋಗುತ್ತದೆ. ನಳಿಗೆಯನ್ನು ಅದಕ್ಕೆ ಥ್ರೆಡ್ ಹಾಕಿ ತಿರುಗಿಸಿ ಕೂಡಿಸಿದ್ದಾರೆ. ಮುಗಿಯಿತು, ಅಲ್ಲಾಡುವ ಮಾತೇ ಇಲ್ಲ. 1860ರದ್ದರಲ್ಲಿ ಸಿಲಿಂಡರಿನ ಮೇಲೆ ಬಯಲು. ನಳಿಗೆ ಒಂದು ತುಂಡು, ಹಿಂದಿನ ಮೈ ಒಂದು ತುಂಡು. ನಡುವೆ ದಪ್ಪ ಕಂಬ, ಸಿಲಿಂಡರ್ ತಿರುಗುವುದು ಅದರ ಮೇಲೆ. ಕಂಬದ ತುದಿ ನಳಿಗೆಯ ತುಂಡಿನೊಳಗೆ ಹೊಕ್ಕಮೇಲೆ ಅಡ್ಡಕ್ಕೆ ಒಂದು ಬೆಣೆ. ಕೊಡಲಿಯ ಕಾವಿಗೆ ಹೊಡೆಯುತ್ತೇವಲ್ಲ, ಹಾಗೆ. ಗುಂಡಿನ ಏಟು ತಡೆಯುವುದೆಲ್ಲ ಆ ಬೆಣೆಯೇ.

ನಾನು ಫೀಲರ್ ಗೇಜ್ ಕೇಳಿದೆ. ಸಿಲಿಂಡರಿನ ಮುಖಕ್ಕೂ ನಳಿಗೆಯ ಬುಡಕ್ಕೂ ನಡುವೆ ಒಂದು ಸಂದಿ ಇರಲೇಬೇಕು, ಇಲ್ಲದಿದ್ದರೆ ತಿರುಗುವುದಿಲ್ಲ. 1873ರದ್ದರಲ್ಲಿ 6 ಥೌ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಮೂರು ಕಡೆ ಅಳೆದೆ, ಮೂರು ಕಡೆಯೂ 6. ಕೈ ಮುಗಿಯಬೇಕು ಅನ್ನಿಸಿತು. ಆಮೇಲೆ 1860ರದ್ದು. ಬೆಣೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ 9. ಮಾಸ್ತರ್ರು ಸ್ಕ್ರೂಡ್ರೈವರಿನ ಹಿಡಿಯಿಂದ ಒಂದೇಟು ಕೊಟ್ಟರು, 6. ಇನ್ನೊಂದೇಟಿಗೆ 3, ಸಿಲಿಂಡರ್ ಉಜ್ಜಲು ಶುರು. ಬಿಚ್ಚಿ ನೋಡಿದೆ. ಕಂಬದ ತುದಿ ಎದುರಿನ ತೂತಿನ ತಳ ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಬೆಣೆಗೆ ಎಷ್ಟು ಬಡಿದರೆ ಅಷ್ಟು ನಳಿಗೆ ಹಿಂದಕ್ಕೆ ಬರುತ್ತಿತ್ತು. ಅಳತೆ ಸುತ್ತಿಗೆಯ ಕೈಯಲ್ಲಿ! ಇದು ನಮ್ಮ ಅಂಗಡಿಯಲ್ಲಿ ಆಗಿದ್ದರೆ ಹುಡುಗನಿಗೆ ಬೈಗಳು ಗ್ಯಾರಂಟಿ. ಆ ಫೋಟೊ ಅಳಿಯ ತೆಗೆದದ್ದು ಆಗಲೇ.

ಇಷ್ಟು ಸಡಿಲ ಮೈಯ ಪಿಸ್ತೂಲಿಗೆ ತೋಟಾ ಹಾಕುವ ಬುದ್ಧಿ ಯಾರಿಗೆ ಬಂತು, ಯಾಕೆ ಬಂತು? ಮಾಸ್ತರ್ರು ಇತಿಹಾಸ ಕಲಿಸಿದವರು. ಕುರ್ಚಿ ಎಳೆದುಕೊಂಡರು.

ರೋಲಿನ್ ವೈಟ್ ಅಂತ ಒಬ್ಬ. 1855ರಲ್ಲಿ ಅವನಿಗೆ ಒಂದು ಪೇಟೆಂಟ್ ಸಿಕ್ಕಿತು. ಸಿಲಿಂಡರಿಗೆ ಈ ತುದಿಯಿಂದ ಆ ತುದಿವರೆಗೆ ಆರಪಾರ ತೂತು ಕೊರೆಯುವುದು. ಅಷ್ಟೇ. ಆದರೆ ತೂತು ಆರಪಾರ ಇಲ್ಲದೆ ಹಿಂದಿನಿಂದ ತೋಟಾ ಹಾಕುವುದು ಹೇಗೆ? ಸ್ಮಿತ್ ಆಂಡ್ ವೆಸ್ಸನ್ ಕಂಪನಿಯವರು ಆ ಹಕ್ಕು ಪಡೆದು 1857ರಲ್ಲಿ ಸಣ್ಣ .22 ಇಂಚಿನ ತೋಟಾ ರಿವಾಲ್ವರ್ ಹೊರತಂದರು. ವೈಟ್‌ಗೆ ಒಂದು ಪಿಸ್ತೂಲಿಗೆ 25 ಸೆಂಟ್. ಆದರೆ ಕರಾರಿನಲ್ಲಿ ಒಂದು ಸಾಲು ಇತ್ತು. ಯಾರಾದರೂ ಕದ್ದು ಮಾಡಿದರೆ ಕೋರ್ಟಿಗೆ ಹೋಗುವ ಖರ್ಚು ವೈಟ್‌ನದೇ. ಬಂದ ದುಡ್ಡೆಲ್ಲ ವಕೀಲರ ಪಾಲು. ಜಾಬ್ ವರ್ಕ್ ಮಾಡುವವನು ಕರಾರು ಓದದೆ ಸಹಿ ಹಾಕಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. 1869ಕ್ಕೆ ಪೇಟೆಂಟ್ ಮುಗಿಯಿತು. ಅದನ್ನು ಮುಂದುವರಿಸಲು ಅನುಕೂಲವಾಗುವ ಮಸೂದೆಯೊಂದು ಬಂದರೆ 1870ರಲ್ಲಿ ಅಧ್ಯಕ್ಷ ಗ್ರಾಂಟ್ ಅದನ್ನು ತಡೆದರು.

ಈ ನಡುವೆ ಅಮೆರಿಕದ ಅಂತರ್ಯುದ್ಧ ಮುಗಿದು ಟೋಪಿ ಪಿಸ್ತೂಲುಗಳು ರಾಶಿ ಬಿದ್ದಿದ್ದವು. ಬಿಸಾಡಲು ಮನಸ್ಸಿಲ್ಲ, ತೋಟಾ ಹಾಕಲು ಪೇಟೆಂಟ್ ಬಿಡುವುದಿಲ್ಲ. ರೆಮಿಂಗ್ಟನ್ ಕಂಪನಿ 1868ರಲ್ಲಿ ರಾಯಲ್ಟಿ ಕೊಟ್ಟೇ ಕೆಲವನ್ನು ಬದಲಾಯಿಸಿತು. ಕೋಲ್ಟ್‌ನ ಕೆಲಸಗಾರ ಥೂಯರ್ ಮಾಡಿದ್ದು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದ ಹಾಕುವಂತಿಲ್ಲ ತಾನೆ, ಮುಂದಿನಿಂದ ಹಾಕೋಣ ಅಂದ! ಹಿಂಬದಿ ಸಣ್ಣಗಾಗುವ ತೋಟಾ ಮಾಡಿ ಸಿಲಿಂಡರಿನ ಬಾಯಿಯಿಂದ ಒಳಗೆ ಒತ್ತಿ ಕೂರಿಸುವ ಏರ್ಪಾಡು. ಪಕ್ಕಾ ನಮ್ಮ ಕಪನೂರ ಜುಗಾಡ್. ಪೇಟೆಂಟ್ ಬಿದ್ದ ಮೇಲೆ 1871ರ ಹೊತ್ತಿಗೆ ರಿಚರ್ಡ್ಸ್ ಅನ್ನುವವನ ರೀತಿಯಲ್ಲಿ 1860ರ ಪಿಸ್ತೂಲುಗಳು ಸರಿಯಾಗಿ ತೋಟಾಕ್ಕೆ ತಿರುಗಿದವು. ಎರಡೇ ವರ್ಷ. 1873ರಲ್ಲಿ ಗಟ್ಟಿ ಚೌಕಟ್ಟಿನದ್ದು ಬಂದು ಎಲ್ಲವನ್ನೂ ಹಳೆಯದು ಮಾಡಿತು.

ಒಂದು ಶನಿವಾರ ಬೆಳಿಗ್ಗೆ ಬಯಲಿನ ರೇಂಜಿಗೆ ಹೋದೆವು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. 15 ಗಜ ದೂರದಲ್ಲಿ ಊಟದ ಪೇಪರ್ ತಟ್ಟೆ.

ಮೊದಲು 1860ರದ್ದನ್ನು ಅದರ ಹುಟ್ಟಿನ ರೀತಿಯಲ್ಲೇ ಹೊಡೆಯೋಣ ಅಂದರು. ಸಿಲಿಂಡರಿನ ಪ್ರತಿ ಗೂಡಿಗೆ ಕರಿ ಮದ್ದು, ಮೇಲೆ ಉಣ್ಣೆಯ ಬಿಲ್ಲೆ, ಮೇಲೆ ಸೀಸದ ಗುಂಡು, ಕೆಳಗಿನ ಸನ್ನೆಯಿಂದ ಒತ್ತಿದಾಗ ಸೀಸದ ತೆಳು ಉಂಗುರ ಕತ್ತರಿಸಿ ಕೆಳಗೆ ಬೀಳುತ್ತದೆ. ಆಮೇಲೆ ಗ್ರೀಸು. ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರಬಾರದಲ್ಲ. ಕೊನೆಗೆ ಟೋಪಿಗಳು. ತುಂಬಲು ಹತ್ತು ನಿಮಿಷ, ಹೊಡೆಯಲು ಅರ್ಧ ನಿಮಿಷ. ಮೂರನೇ ಗುಂಡಿಗೆ ಒಡೆದ ಟೋಪಿಯ ಚೂರು ಘೋಡಾದ (ಟೋಪಿಗೆ ಬಡಿಯುವ ಕೊಕ್ಕಿನ) ಸಂದಿಗೆ ಬಿದ್ದು ಎಲ್ಲ ಜಾಮ್. ಹೊಗೆ ಎಂಥದ್ದು ಅಂತೀರಿ! ತಟ್ಟೆಯೇ ಕಾಣಲಿಲ್ಲ. ದೀಪಾವಳಿ ಮಾರನೇ ದಿನದ ಓಣಿಯ ವಾಸನೆ. ಮದ್ದು ನೂರು ಪಾಲಾದರೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಆ ಗಂಧಕದ್ದೇ ನಾತ.

ಆಮೇಲೆ ಸಿಲಿಂಡರ್ ಬದಲಾಯಿಸಿದರು. ಈಗ .45 ಕೋಲ್ಟ್ ತೋಟಾ. ಟೋಪಿಯ ಸಿಲಿಂಡರಿಗೆ ಆರು ಗೂಡು ಇದ್ದರೆ ಇದಕ್ಕೆ ಐದೇ. ತೋಟಾದ ಹಿಂದಿನ ಅಂಚು ಅಗಲ, ಈ ಅಳತೆಯ ಸಿಲಿಂಡರಿನಲ್ಲಿ ಆರಕ್ಕೆ ಜಾಗ ಸಾಲದು. ಅಯ್ಯೋ, ಒಂದು ಕಡಿಮೆ ಆಯಿತಲ್ಲ ಅಂದುಕೊಂಡೆ. ಆದರೆ 1873ರದ್ದಕ್ಕೆ ಆರು ಗೂಡಿದ್ದರೂ ಬಲ್ಲವರು ಐದೇ ತುಂಬುತ್ತಾರೆ. ಘೋಡಾದ ಮೂತಿಯ ಕೆಳಗಿನ ಗೂಡು ಖಾಲಿ ಇಡಬೇಕು, ಕೈ ಜಾರಿ ಬಿದ್ದರೆ ಸಿಡಿಯಬಾರದು ಅಂತ. ಅಲ್ಲಿಗೆ ಎರಡೂ ಸಮ.

ಗುರಿಯಲ್ಲಿ ಮಾತ್ರ ಸಮ ಇಲ್ಲ. 1860ರದ್ದರಲ್ಲಿ ಗುರಿ ಹಿಡಿಯುವ ಹಿಂದಿನ ನೋಟ ಇರುವುದು ಘೋಡಾದ ತಲೆಯ ಮೇಲೆ, ಒಂದು ಸಣ್ಣ ಕಚ್ಚು. ಘೋಡಾ ಹಿಂದಕ್ಕೆ ಎಳೆದಾಗ ಮಾತ್ರ ಕಾಣುತ್ತದೆ. ಅಲುಗಾಡುವ ಭಾಗದ ಮೇಲೆ ಗುರಿ ಇಟ್ಟರೆ ಹೇಗೆ ಸ್ವಾಮಿ? ಅದೂ ಅಲ್ಲದೆ ಅದು ದೂರಕ್ಕೆ ಹೊಂದಿಸಿದ್ದು, ಹತ್ತಿರದಲ್ಲಿ ಮೇಲಕ್ಕೆ ಹೊಡೆಯುತ್ತದೆ. ತಟ್ಟೆಯ ನಡು ನೋಡಿ ಹೊಡೆದರೆ ಗುಂಡು ತಟ್ಟೆಯ ಮೇಲಿನ ಮರದ ಹಲಗೆಗೆ. ಕೆಳಗಿನ ಅಂಚು ನೋಡಿ ಹೊಡೆದ ಮೇಲೆ ಐದೂ ತಟ್ಟೆಯಲ್ಲಿ ಬಿದ್ದವು, ಜೋಳದ ರೊಟ್ಟಿಯಷ್ಟು ಅಗಲಕ್ಕೆ ಹರಡಿ. 1873ರದ್ದರಲ್ಲಿ ಮೇಲಿನ ಪಟ್ಟಿಯಲ್ಲೇ ಕಾಲುವೆ ಕೊರೆದಿದ್ದಾರೆ. ಅದು ಎಲ್ಲೂ ಹೋಗುವುದಿಲ್ಲ. ಜೀವನದಲ್ಲಿ ಎರಡನೇ ಸಲ ಪಿಸ್ತೂಲು ಹಿಡಿದ ನನ್ನ ಐದು ಗುಂಡು ಅಂಗೈ ಅಗಲದಲ್ಲಿ ಕೂತವು. ಹಿಡಿಯೂ ಚಲೋ. ನೇಗಿಲ ಮೇಟಿಯ ಹಾಗೆ ಬಾಗಿದೆ. ಹೊಡೆದಾಗ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ, ಹಿಂದಕ್ಕೆ ಒದೆಯುವುದಿಲ್ಲ.

ಖಾಲಿ ತೋಟಾ ತೆಗೆಯುವುದು ಇನ್ನೊಂದು ಕಥೆ. 1873ರಲ್ಲಿ ಬಲಕ್ಕೆ ಪುಟ್ಟ ಬಾಗಿಲು, ನಳಿಗೆಯ ಪಕ್ಕ ಒಂದು ಸರಳು. ಒತ್ತಿದರೆ ಟಣ್ ಅಂತ ಹೊರಗೆ. ಮಾಸ್ತರ್ರ 1860ಕ್ಕೆ ಬಾಗಿಲಿತ್ತು, ಸರಳು ಇರಲಿಲ್ಲ, ಅದನ್ನು ಬೇರೆ ಕೊಳ್ಳಬೇಕಂತೆ. ಅವರು ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಒಂದೊಂದಾಗಿ ನೂಕಿದರು. ನಮ್ಮೂರ ಕಿರಾಣಿ ಅಂಗಡಿಯ ಸೇಠ್ ನೆನಪಾದ.

ಒಂದರಲ್ಲಿ ಮಾತ್ರ 1860ರದ್ದು ಗೆದ್ದಿತು. ಎರಡಕ್ಕೂ ಕರಿ ಮದ್ದಿನ ತೋಟಾವನ್ನೇ ಹಾಕಿ ಹೊಡೆದೆವು. ಇಪ್ಪತ್ತು ಗುಂಡಾಗುವಷ್ಟರಲ್ಲಿ 1873ರ ಸಿಲಿಂಡರ್ ಬಿಗಿಯಾಯಿತು, ಎರಡೂ ಹೆಬ್ಬೆರಳು ಬೇಕಾಯಿತು. ಅದರ ನಡು ಕಡ್ಡಿ ಸಣ್ಣದು, ಮಸಿ ಕೂತರೆ ಹಿಡಿದುಕೊಳ್ಳುತ್ತದೆ. 1860ರ ಕಂಬ ದಪ್ಪ, ಅದರ ಸುತ್ತ ಗ್ರೀಸು ನಿಲ್ಲಲು ಗೀರು ಕೊರೆದಿದ್ದಾರೆ. ಅದು ಇನ್ನೂ ಸಲೀಸಾಗಿ ತಿರುಗುತ್ತಲೇ ಇತ್ತು. ಮಸಿ ಉಗುಳುವ ಮದ್ದಿನ ಜೊತೆ ಬದುಕಿದವರು ಮಾಡಿದ ಡಿಸೈನ್ ಅದು. ಅಂಥ ಕಡೆ ನಾನು ಟೋಪಿ ತೆಗೆಯುತ್ತೇನೆ.

ತೂಕದ ಲೆಕ್ಕವೂ ಮಜಾ. ಅವರು ಎಲ್ಲವನ್ನೂ ಗ್ರೇನ್‌ನಲ್ಲಿ ಹೇಳುತ್ತಾರೆ. ಹಳೆಯ .45 ತೋಟಾದಲ್ಲಿ 40 ಗ್ರೇನ್ ಮದ್ದು, 255 ಗ್ರೇನ್ ಸೀಸ. ನನಗೆ ತಲೆಗೆ ಹತ್ತಲಿಲ್ಲ. ಹೆಂಡತಿ ಹೇಳಿದಳು, "ತೊಲಕ್ಕ 180 ಗ್ರೇನ್ ಅಲ್ಲೇನ್ರಿ, ನಮ್ಮಪ್ಪ ಹೇಳತಿದ್ದ." ಅವಳದು ಅಕ್ಕಸಾಲಿಗರ ಓಣಿ. ಹಾಗೆ ನೋಡಿದರೆ ಗುಂಡು ಒಂದೂವರೆ ತೊಲಕ್ಕೆ ಸ್ವಲ್ಪ ಕಡಿಮೆ, ಮದ್ದು ಕಾಲು ತೊಲವೂ ಇಲ್ಲ.

ಈಗ ಮಾಸ್ತರ್ರ ಪ್ರಶ್ನೆಗೆ ನಾನು ಕೊಟ್ಟ ಉತ್ತರ. ಹೊಡೆಯಲು ಒಂದೇ ಕೊಳ್ಳುವುದಾದರೆ 1873ರದ್ದೇ. ಎರಡನೇ ಮಾತಿಲ್ಲ. ಟೋಪಿ ಪಿಸ್ತೂಲಿನ ಬೆಲೆಗೆ ತೋಟಾ ಸಿಲಿಂಡರಿನ ಬೆಲೆ ಕೂಡಿಸಿದರೆ ಹೆಚ್ಚುಕಡಿಮೆ ಅದೇ ಬರುತ್ತದೆ. ಟೋಪಿಯದು ಮೊದಲೇ ಮನೆಯಲ್ಲಿದ್ದು, ಹತ್ತು ನಿಮಿಷ ತುಂಬಲು ಬೇಜಾರಾದರೆ ಸಿಲಿಂಡರ್ ತರಬಹುದು. ಬದಲಾಯಿಸಬೇಕು ಅಂತಲೇ ಟೋಪಿಯದನ್ನು ಕೊಳ್ಳುವುದು ದುಂದು. ಅದರಲ್ಲೂ ಹಿತ್ತಾಳೆ ಮೈಯದಕ್ಕಂತೂ ಬೇಡವೇ ಬೇಡ, ಸಿಲಿಂಡರ್ ಮಾಡುವವರೇ ಬೇಡ ಅನ್ನುತ್ತಾರೆ. ಉಕ್ಕಿನ ಮೈಯದಕ್ಕೂ ಮೆತ್ತನೆ, ಜೋರು ಕಡಿಮೆಯ ತೋಟಾ ಮಾತ್ರ.

ಯಾಕೆ ಅಂತ ನನಗೆ ಗಿರಣಿಯಿಂದ ಗೊತ್ತು. ಹಿಂದೆ ಹಳ್ಳಿ ಹಿಟ್ಟಿನ ಗಿರಣಿಗಳಲ್ಲಿ ಎಣ್ಣೆ ಇಂಜಿನ್ ಇರುತ್ತಿತ್ತು, ನಿಮಿಷಕ್ಕೆ 650 ಸುತ್ತು. ಕರೆಂಟು ಬಂದ ಮೇಲೆ ಅದೇ ಜಾಗಕ್ಕೆ 1440 ಸುತ್ತಿನ ಮೋಟಾರ್ ಕೂರಿಸಿ ಅಂತ ಬರುತ್ತಿದ್ದರು. ಕೂರಿಸುತ್ತಿದ್ದೆ. ಪುಲ್ಲಿ ಲೆಕ್ಕ ಹಾಕಿ, ವೇಗ ಇಳಿಸಿ, ಎಲ್ಲ ಸರಿ. ಆರು ತಿಂಗಳಿಗೆ ಶಾಫ್ಟಿನ ಬುಷ್ ಕುಣಿಯುತ್ತಿತ್ತು. ತಲೆ ಹೊಸದು, ಮೈ ಹಳೆಯ ಲೆಕ್ಕದ್ದು. ಈ ಪಿಸ್ತೂಲಿನದೂ ಅದೇ. ಸಿಲಿಂಡರ್ ಎಷ್ಟೇ ಗಟ್ಟಿ ಉಕ್ಕಿನದಾಗಲಿ, ಏಟು ಕೊನೆಗೆ ಬೆಣೆಗೇ.

ಒಂದು ವಿಷಯ ಮಾತ್ರ ನನಗೆ ಬಹಳ ರುಚಿಸಿತು. .38 ಸ್ಪೆಷಲ್ ಅನ್ನುವ ತೋಟಾದ ಗುಂಡು ನಿಜಕ್ಕೂ .38 ಇಂಚು ಇಲ್ಲ, .357 ಆಸುಪಾಸು. ಮತ್ತೆ ಹೆಸರು? ಈ ಬದಲಾಯಿಸಿದ ಪಿಸ್ತೂಲುಗಳಿಂದಲೇ ಬಂದದ್ದು. .36ರ ಟೋಪಿ ಪಿಸ್ತೂಲಿನ ಗೂಡು ಕೊರೆದಾಗ .38ರ ಹತ್ತಿರ ಬಂತು, ಹೆಸರು ಅಂಟಿಕೊಂಡಿತು. ಮುಂದೆ ಗುಂಡು ತೋಟಾದ ಕವಚದ ಒಳಗೆ ಸರಿದು ಸಣ್ಣದಾಯಿತು, ಹೆಸರು ಹಾಗೇ ಉಳಿಯಿತು. ಹಾಗಾಗಿ ಇವತ್ತು .36ರದ್ದಕ್ಕೆ .38ರ ಸಿಲಿಂಡರ್ ಹಾಕಿದರೆ ಗುಂಡು ನಳಿಗೆಯಲ್ಲಿ ಸಡಿಲ. ಬುಡ ಟೊಳ್ಳಾದ ಗುಂಡು ಬೇಕು, ಸಿಡಿದಾಗ ಅರಳಿ ನಳಿಗೆ ಹಿಡಿಯಲು. ಮಾಸ್ತರ್ರ 1860ರಂಥ .44ರದ್ದಕ್ಕೆ ಆ ತಲೆನೋವಿಲ್ಲ, .45ರ ಗುಂಡು ಸರಿಯಾಗಿ ಕೂಡುತ್ತದೆ.

ಸಂಜೆ ತೊಳೆಯುವ ಕೆಲಸ. ಕರಿ ಮದ್ದಿನ ಮಸಿ ಉಪ್ಪಿನ ಜಾತಿ, ಒಂದು ರಾತ್ರಿ ಬಿಟ್ಟರೆ ತುಕ್ಕು. ಬಿಸಿನೀರು, ಸೋಪು. 1860ರದ್ದನ್ನು ಬೆಣೆ ತೆಗೆದು ಮೂರು ತುಂಡು ಮಾಡಿ ಬಕೆಟ್ಟಿಗೆ ಹಾಕಿದರೆ ಆಯಿತು. ಇಲ್ಲಿ ಬೆಣೆಯೇ ಸುಖ. ತೊಳೆಯುತ್ತ ನಾನು ನಮ್ಮ ಕಲಬುರಗಿ ಕೋಟೆಯ 29 ಅಡಿ ತೋಪಿನ ಫೋಟೊ ತೋರಿಸಿದೆ. "ಇದನ್ನು ತೊಳೆಯುವವರು ಯಾರು?" ಅಂದರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಹುಟ್ಟೂರು ಸುರಪುರ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುತ್ತಲೇ ಬೆಳೆದವನು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಸಿಕಂದರಾಬಾದಿನಿಂದ ಸಾಗಿಸುವಾಗ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ತೀರಿಕೊಂಡರು ಅಂತ ಹಿಂದೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದಿಟ್ಟಿದ್ದಾನೆ. ಅಧಿಕಾರಿ ಬೆಲ್ಟು ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋಗಿದ್ದ, ಸದ್ದು ಕೇಳಿತು ಅಂತ. ನಮ್ಮಪ್ಪ ಅದನ್ನು ನಂಬುತ್ತಿರಲಿಲ್ಲ. "ಪಿಸ್ತೂಲ್ ಮರೆತು ಹೋಗೋ ಸಾಹೇಬ ಇರ್ತಾನೇನಲೇ?" ಅನ್ನುತ್ತಿದ್ದ. ನಾನು ಚಿಕ್ಕವನಿದ್ದಾಗ ಆ ರಿವಾಲ್ವರನ್ನು ಸಿನಿಮಾದ ರಿವಾಲ್ವರಿನ ಹಾಗೆ ಕಲ್ಪಿಸಿಕೊಂಡಿದ್ದೆ. 1858ರ ಹೊತ್ತಿಗೆ ಬ್ರಿಟಿಷ್ ಅಧಿಕಾರಿಗಳು ಸೊಂಟಕ್ಕೆ ಕಟ್ಟುತ್ತಿದ್ದದ್ದು ಹೆಚ್ಚಾಗಿ ಅವರದೇ ಆಡಮ್ಸ್ ಇಲ್ಲವೇ ಕೋಲ್ಟ್, ಎರಡೂ ಟೋಪಿಯವೇ. ಅವರ ಸೈನ್ಯ ಆಡಮ್ಸ್‌ಗಳನ್ನು ತೋಟಾಕ್ಕೆ ಬದಲಾಯಿಸಿದ್ದು 1868ರಲ್ಲಿ, ಹತ್ತು ವರ್ಷ ಬಿಟ್ಟು. ಬೆಳಿಗ್ಗೆ ನನ್ನ ಹೆಬ್ಬೆರಳಿಗೆ ಮೆತ್ತಿದ ಮಸಿ ಉಗುರ ಸಂದಿಯಲ್ಲಿ ಇನ್ನೂ ಇತ್ತು. ಸೋಪಿಗೆ ಹೋಗಿರಲಿಲ್ಲ.

ಬರುವ ಹಿಂದಿನ ದಿನ ಮಾಸ್ತರ್ರು ಒಂದು ಖಾಲಿ ತೋಟಾ ನೆನಪಿಗೆ ಅಂತ ಕೊಡಲು ಬಂದರು. ಅಳಿಯ ಹೌಹಾರಿದ. "ಮಾಮಾ, ಏರ್‌ಪೋರ್ಟ್‌ನಾಗ ಹಿಡೀತಾರ್ರಿ!" ಅದು ಈಗ ಮಗಳ ಅಡುಗೆಮನೆಯ ಕಿಟಕಿಯಲ್ಲಿದೆ. ಊದುಬತ್ತಿ ಸಿಕ್ಕಿಸುತ್ತಾಳೆ.

ಹೋದ ವಾರ ವಿಡಿಯೊ ಕಾಲ್ ಬಂತು. ಮಗಳ ಪಕ್ಕ ಮಾಸ್ತರ್ರು, ಕೈಯಲ್ಲಿ ಫೀಲರ್ ಗೇಜ್. ಸಂದಿ ಮತ್ತೆ 9ಕ್ಕೆ ಬಂದಿದೆಯಂತೆ. ಬೆಣೆಯ ತಲೆ ಹತ್ತಿರ ಹಿಡಿಯಿರಿ ಅಂದೆ. ಬಡಿದು ಬಡಿದು ಅಣಬೆಯ ಹಾಗೆ ಅರಳಿತ್ತು. ಏನಿಂದ ಹೊಡೆದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕ್ಯಾಮೆರಾದ ಆಚೆಯಿಂದ ಕಬ್ಬಿಣದ ಸುತ್ತಿಗೆ ಎತ್ತಿ ತೋರಿಸಿದರು.